ತಾತ ಕೇಳದೆ ಬಿಟ್ಟ ಪ್ರಶ್ನೆ

ಮಾಗಿಯ ಚಳಿ ಹಿಡಿದು ಸಂತೆಗೆ ಸೊಗಡಿನ ಅವರೆಕಾಯಿ ಬಂತೆಂದರೆ ಈಗಲೂ ಅದು ಮೊದಲು ನನ್ನ ಬೆರಳುಗಳಿಗೆ ಗೊತ್ತಾಗುತ್ತದೆ. ಸಿಪ್ಪೆಯ ಮೇಲಿನ ಎಣ್ಣೆಜಿಡ್ಡು ಉಗುರಿನ ಸಂದಿಗೆ ಹತ್ತಿಕೊಂಡು ಎರಡು ದಿನ ಸೋಪು ಹಾಕಿದರೂ ಹೋಗುವುದಿಲ್ಲ. ಮನೆಯವರಿಗೂ ಮಕ್ಕಳಿಗೂ ಅದು ಹಿತುಕಿದ ಬೇಳೆ ಸಾರಿನ ವಾಸನೆ, ಮೂಗರಳಿಸಿಕೊಂಡು ಅಡುಗೆಮನೆಗೆ ಬರುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದಾಗ ಮುಖ ಬಿಸಿಯಾಗುತ್ತದೆ. ನನಗಾಗ ಎಂಟೊಂಬತ್ತು ವರ್ಷ. ಕ್ರಿಸ್ಮಸ್ ಹಬ್ಬ ಹತ್ತಿರವಿತ್ತು. ನೆನೆಹಾಕಿದ ಕಾಳನ್ನು ಮುಂದಿಟ್ಟುಕೊಂಡು ನಾನೂ ಅವ್ವನೂ ನಡುಮನೆಯ ಬಾಗಿಲ ಪಕ್ಕದಲ್ಲಿ ಕೂತು ಒಂದೊಂದನ್ನೇ ಹಿತುಕುತ್ತಿದ್ದೆವು. ಆಗ ಅಂಗಳದಲ್ಲಿ ಕೆಳಬೀದಿಯ ಚೌರಪ್ಪ ತಾತನಿಗೆ ಹೇಳುವುದು ಕೇಳಿಸಿತು: “ಬುದ್ಧೀ, ನಮ್ಮವ್ವ ಓಗ್ಬುಟ್ಳು.” ಅವ್ವನ ಬೆರಳಲ್ಲಿದ್ದ ಕಾಳು ಹಾಗೇ ನಿಂತಿತು.

ನಮ್ಮೂರು ಹುಣಸೂರಿನಿಂದ ಕಂಪಲಾಪುರದ ಕಡೆ ಹೋಗುವ ರಸ್ತೆ ಬಿಟ್ಟು ಗಾಡಿದಾರಿಯಲ್ಲಿ ಒಳಗೆ ನಡೆಯಬೇಕಾದ ಊರು. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಹೊಗೆಸೊಪ್ಪಿನ ಹೊಲ. ಊರಲ್ಲಿ ಹೆಚ್ಚಿನವರು ಶಿವನ ಒಕ್ಕಲು. ಅವರ ನಡುವೆ ನಮ್ಮವು ಬೆರಳೆಣಿಕೆಯ ಕ್ರೈಸ್ತರ ಮನೆಗಳು, ಒಂದು ಹೆಂಚಿನ ಗುಡಿ. ಚರ್ಚು ಎಂದು ಆಗ ಯಾರೂ ಅನ್ನುತ್ತಿರಲಿಲ್ಲ, ಗುಡಿಯೆಂದೇ ಹೇಳುತ್ತಿದ್ದೆವು. ಇದ್ದ ಅಷ್ಟೇ ಮನೆಗಳಲ್ಲೂ ಮೇಲುಬೀದಿ, ಕೆಳಬೀದಿ ಎಂದು ಎರಡು. ನಮ್ಮ ಹಿರೀಕರು ಜ್ಞಾನಸ್ನಾನ ಪಡೆದು ಕ್ರಿಸ್ತನವರಾದಾಗ ಹಳೆಯ ದೇವರನ್ನು ಬಿಟ್ಟರು, ಹಳೆಯ ಹಬ್ಬಗಳನ್ನು ಬಿಟ್ಟರು, ಜಾತಿಯನ್ನು ಮಾತ್ರ ಬಿಡದೆ ಹೆಗಲ ಮೇಲೆ ಹೊತ್ತು ತಂದರು. ಗುಡಿಯಲ್ಲಿ ಮೇಲುಬೀದಿಯವರು ಮುಂದೆ, ಕೆಳಬೀದಿಯವರು ಬಾಗಿಲ ಕಡೆಗೆ. ಸತ್ಪ್ರಸಾದಕ್ಕೆ ನಾವೆಲ್ಲ ಹೋಗಿ ಬಂದು ಮೊಣಕಾಲೂರಿದ ಮೇಲೆಯೇ ಅವರು ಏಳುತ್ತಿದ್ದರು. ಹೀಗೆ ಮಾಡಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ನನ್ನ ತಾತ ಇನ್ನಾಸಪ್ಪನವರು ಆ ಗುಡಿಯ ಉಪದೇಶಿ. ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ಜಪ ನಡೆಸುವುದು, ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ತಾತನದೇ. ಅಪ್ಪ ಹುಣಸೂರಿನ ಮರದ ಡಿಪೋದಲ್ಲಿ ಕೆಲಸಕ್ಕಿದ್ದು ಶನಿವಾರ ಮಾತ್ರ ಬರುತ್ತಿದ್ದರಿಂದ ನಾನು ಬೆಳೆದದ್ದೇ ತಾತನ ಮಗ್ಗುಲಲ್ಲಿ. ಅವರ ಕರಿ ಕೋಟಿಗೆ ನಶ್ಯದ ಮತ್ತು ಮೇಣದ ಬತ್ತಿಯ ವಾಸನೆ ಇರುತ್ತಿತ್ತು. ಯಾರ ಮೇಲೂ ಕೈ ಎತ್ತಿದವರಲ್ಲ, ಬಾಯಿ ಮಾಡಿದವರಲ್ಲ. ಕೆಳಬೀದಿಯಲ್ಲಿ ಯಾರಿಗಾದರೂ ಜ್ವರವೆಂದರೆ ಕಂಪಲಾಪುರದವರೆಗೆ ನಡೆದು ಹೋಗಿ ಔಷಧಿ ತರುತ್ತಿದ್ದರು. ತಂದು, ಅವರ ಹೊಸ್ತಿಲ ಮೇಲಿಟ್ಟು ಬರುತ್ತಿದ್ದರು.

ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಉಪದೇಶ. ಮೇಲುಬೀದಿಯ ಮಕ್ಕಳು ಜಗಲಿ ಮೇಲೆ, ಕೆಳಬೀದಿಯವರು ಅಂಗಳದ ಹೊಂಗೆಮರದ ಕೆಳಗೆ. ತಾತ ಪ್ರಶ್ನೆ ಕೇಳುವರು, ನಾವು ರಾಗವಾಗಿ ಉತ್ತರ ಹೇಳಬೇಕು. ಮಿಕ್ಕ ಪ್ರಶ್ನೆಗಳಿಗೆ ತಡವರಿಸುತ್ತಿದ್ದ ಕೆಳಬೀದಿಯ ಮಕ್ಕಳು ಒಂದಕ್ಕೆ ಮಾತ್ರ ಕಾಯುತ್ತಿದ್ದರು. “ಸರ್ವೇಶ್ವರ ನಮ್ಮನ್ನ ಯಾರ ಹಾಗೆ ಮಾಡಿದ್ದಾನೆ?” ಎಂದು ತಾತ ಕೇಳಿದ್ದೇ ತಡ, ಜಗಲಿಯಿಂದಲೂ ಮರದ ಕೆಳಗಿನಿಂದಲೂ ಒಂದೇ ಕೂಗು: “ತನ್ನ ಹಾಗೇ!” ಮರದ ಮೇಲಿನ ಗೊರವಂಕಗಳು ಹಾರಿಹೋಗುತ್ತಿದ್ದವು. “ಹಂಗಂದ್ರೆ ದೇವರಿಗೆ ಕಣ್ಣು ಮೂಗು ಅದೆ ಅಂತಲ್ಲ ಕಣ್ರೋ ಮಕ್ಕಳಾ,” ಎಂದು ತಾತ ಒಳಗಿನಿಂದ ಕಿಲುಬು ಹತ್ತಿದ ಹಿತ್ತಾಳೆ ತಟ್ಟೆ ತರಿಸಿ, ಒಂದು ಕಡೆ ಹುಣಸೆಹಣ್ಣಿನಿಂದ ತಿಕ್ಕಿ ತೋರಿಸುವರು. “ನೋಡಿ, ನಿಮ್ಮ ಮುಖ ಕಾಣ್ತದೆ. ಕಿಲುಬು ಹತ್ತಿದಾಗ್ಲೂ ಇದು ಹಿತ್ತಾಳೇನೇ. ಮನುಷ್ಯನಿಗೆ ಪ್ರೀತಿ ಮಾಡೋ ಶಕ್ತಿ, ಒಳ್ಳೇದು ಕೆಟ್ಟದ್ದು ತಿಳಿಯೋ ಶಕ್ತಿ ಕೊಟ್ಟವ್ನಲ್ಲ, ಅದೇ ಅವನ ರೂಪ. ಕುಂಟನಲ್ಲೂ ಅದೆ, ಕುರುಡನಲ್ಲೂ ಅದೆ, ಕಳ್ಳನಲ್ಲೂ ಅದೆ.” ಅಷ್ಟು ಚೆನ್ನಾಗಿ ಅದನ್ನು ಹೇಳಿಕೊಟ್ಟವರನ್ನು ಆಮೇಲೆ ನಾನು ಯಾವ ಗುಡಿಯಲ್ಲೂ ಕಂಡಿಲ್ಲ. ನಾಚಿಕೆಯಾಗುವುದೂ ಅದಕ್ಕೇ.

ಚೌರಪ್ಪನ ತಾಯಿ ಆರೋಗ್ಯಮ್ಮ ಕೆಳಬೀದಿಯ ಸೂಲಗಿತ್ತಿ. ಎರಡೂ ಬೀದಿಯ ಮಕ್ಕಳು ಅವಳ ಕೈಯಿಂದಲೇ ಬಂದವರು. ಹೆರಿಗೆಯ ಹೊತ್ತಿಗೆ ಮಾತ್ರ ಅವಳು ನಮ್ಮ ಹೊಸ್ತಿಲು ದಾಟಬಹುದಿತ್ತು. ಅವಳು ಹೋದ ಮೇಲೆ ಕೋಣೆಯನ್ನು ಸಗಣಿ ಹಾಕಿ ಸಾರಿಸಿ ಗುಡಿಯ ತೀರ್ಥ ಚಿಮುಕಿಸುತ್ತಿದ್ದರು. ಮಿಕ್ಕ ದಿನ ಬಂದರೆ ಅಂಗಳದ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ ಅವ್ವನೊಡನೆ ಮಾತಾಡುವಳು. “ಮೇಲುಬೀದಿಯೋರ್ನೂ ನೋಡಿವ್ನಿ, ಕೆಳಬೀದಿಯೋರ್ನೂ ನೋಡಿವ್ನಿ ಕಣ್ರವ್ವ. ಬರೋವಾಗ ಎಲ್ಲಾವೂ ಕೆಂಪ್ಗೆ ಮುದುರ್ಕೊಂಡೇ ಬತ್ತವೆ. ಯಾವ್ದುಕ್ಕೂ ಜರಿ ಪಂಚೆ ಇರ್ನಿಲ್ಲ!” ಎಂದು ನಗುವಳು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವಳು.

ನಾನು ಹುಟ್ಟಿದಾಗ ಅಳಲಿಲ್ಲವಂತೆ. ಮೈ ನೀಲಿಗಟ್ಟಿತ್ತಂತೆ. ತಾತ ಊರಲ್ಲಿರಲಿಲ್ಲ, ಸ್ವಾಮಿಗಳು ಬರಲು ಇನ್ನೂ ಎಷ್ಟೋ ದಿನವಿತ್ತು. ಸಾಯುವಂಥ ಕೂಸಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂಬುದು ನಮ್ಮ ಧರ್ಮಸಭೆಯ ಕಟ್ಟಳೆ. ಅದಕ್ಕೆ ಹೇಳಬೇಕಾದ ಮಾತನ್ನು ತಾತನೇ ಹಿಂದೆ ಆರೋಗ್ಯಮ್ಮನಿಗೆ ಬಾಯಿಪಾಠ ಮಾಡಿಸಿದ್ದರು, ಸೂಲಗಿತ್ತಿಗೆ ತಿಳಿದಿರಲಿ ಎಂದು. ಅವಳು ಬೊಗಸೆಯಲ್ಲಿ ನೀರು ತೆಗೆದುಕೊಂಡು ನನ್ನ ನೆತ್ತಿಯ ಮೇಲೆ ಹೊಯ್ದು, ಪಿತ ಸುತ ಪವಿತ್ರಾತ್ಮರ ಹೆಸರು ಹೇಳಿ, ತೆರೇಸ ಎಂದು ಕರೆದಳು. ತಣ್ಣೀರು ಬಿದ್ದು ನಾನು ಕಿರುಚಿದೆನಂತೆ. ಆಮೇಲೆ ಮೇಲುಬೀದಿಯ ಅರುಳಪ್ಪನವರು, ಸ್ವಾಮಿಗಳ ಕೈಯಲ್ಲಿ ಇನ್ನೊಮ್ಮೆ ಮಾಡಿಸಿಬಿಡಿ ಎಂದರು. ಸ್ವಾಮಿಗಳು ಒಪ್ಪಲಿಲ್ಲ. ಒಮ್ಮೆ ಆದದ್ದು ಆಯಿತು, ಅದನ್ನು ಎರಡನೆಯ ಸಲ ಕೊಡುವಂತಿಲ್ಲ ಎಂದರು. ಹೀಗೆ ನನ್ನ ಜ್ಞಾನಸ್ನಾನ ಆ ಕೈಯದೇ ಆಗಿ ಉಳಿಯಿತು. ನಾನು ಎಣಿಸಿಕೊಳ್ಳುವ ದೇವರ ಕರುಣೆಗಳಲ್ಲಿ ಅದು ಮೊದಲನೆಯದು.

ಇನ್ನು ಪೆಟ್ಟಿಗೆಯ ಮಾತು. ಒಬ್ಬೊಬ್ಬರಿಗೆ ಒಂದೊಂದು ಶವಪೆಟ್ಟಿಗೆ ಮಾಡಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಗುಡಿಗೆಂದು ಒಂದೇ ಪೆಟ್ಟಿಗೆ. ಕರಿ ಬಣ್ಣ, ಮುಚ್ಚಳದ ಮೇಲೆ ಬಿಳಿ ಶಿಲುಬೆ. ಸತ್ತವರನ್ನು ಅದರಲ್ಲಿ ಮಲಗಿಸಿ ಗುಡಿಗೆ ತಂದು, ಅಲ್ಲಿಂದ ಸಮಾಧಿ ಭೂಮಿಗೆ ಹೊತ್ತುಕೊಂಡು ಹೋಗಿ, ಗುಂಡಿಯ ಹತ್ತಿರ ದೇಹವನ್ನು ಎತ್ತಿ ಚಾಪೆಯಲ್ಲಿ ಇಳಿಸಿ, ಪೆಟ್ಟಿಗೆಯನ್ನು ಮತ್ತೆ ತಂದು ಗುಡಿಯ ಹಿಂದಿನ ಕೋಣೆಯಲ್ಲಿಡುವುದು. ಕೀಲಿ ತಾತನ ಸೊಂಟದಲ್ಲಿ. ಕೆಳಬೀದಿಯವರು ಮೊದಲಿನಂತೆ ಬಿದಿರಿನ ಚಟ್ಟದಲ್ಲೇ ಹೋಗುತ್ತಿದ್ದರು. ಪೆಟ್ಟಿಗೆ ಬೇಕೆಂದು ಅವರಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಚೌರಪ್ಪ ಕೇಳಿದ. ಹೊಂಗೆಮರದ ಹತ್ತಿರ ನಿಂತು, ಟವಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೇಳಿದ. “ಅವ್ವಂಗೆ ಒಂದಾಸೆ ಇತ್ತು ಬುದ್ಧಿ. ಗುಡಿ ಪೆಟ್ಗೇಲಿ ಓಗ್ಬೇಕು ಅಂತಿದ್ಳು. ‘ಅಷ್ಟು ಜನುಕ್ಕೆ ಬರೋ ದಾರಿ ತೋರ್ಸಿವ್ನಿ, ನಾನು ಓಗೋವಾಗ ಒಂದ್ಕಿತ ಮರದ್ ಮ್ಯಾಲೆ ಮಲಗ್ತೀನಿ ಕಣ್ಲಾ’ ಅಂತ.”

ಜಗಲಿಯ ಮೇಲೆ ಆ ಹೊತ್ತಿಗೆ ಅರುಳಪ್ಪನವರೂ ಇದ್ದರು. “ಉಪದೇಶಿಗಳೇ, ನಾಳೆ ದಿನ ನಮ್ಮ ಮನೇಲಿ ಯಾರಾದ್ರೂ ಹೋದ್ರೆ ಅವ್ರನ್ನೂ ಅದ್ರಲ್ಲೇ ಮಲಗಿಸ್ಬೇಕು. ನೋಡ್ಕೊಂಡು ಮಾತಾಡಿ,” ಎಂದು ಮೆಲ್ಲಗೆ ಅಂದರು. ತಾತನ ಕೈ ಸೊಂಟದ ಕೀಲಿಗೆ ಹೋಯಿತು. ಅವರು ಹೂಂ ಅನ್ನುತ್ತಾರೆಂದೇ ನಾನು ಬಾಗಿಲ ಸಂದಿಯಲ್ಲಿ ಕಾದಿದ್ದೆ. ತಾತ ನೆಲ ನೋಡಿಕೊಂಡು ಹೇಳಿದರು: “ಪೆಟ್ಟಿಗೆಗೆ ಗೆದ್ದಲು ಹತ್ಕೊಂಡದೆ ಕಣಪ್ಪ ಚೌರ. ತಳ ಕಳಚ್ಕೊಂಡ್ರೆ ಕಷ್ಟ.”

ಗುಡಿಯನ್ನೂ ಆ ಹಿಂದಿನ ಕೋಣೆಯನ್ನೂ ಶನಿವಾರ ಶನಿವಾರ ಗುಡಿಸುತ್ತಿದ್ದವನು ಚೌರಪ್ಪನೇ. ಪೆಟ್ಟಿಗೆಯ ಧೂಳು ಒರೆಸುತ್ತಿದ್ದವನೂ ಅವನೇ. ಗೆದ್ದಲು ಇಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದು ಅವನಿಗೆ ಗೊತ್ತೆಂಬುದು ತಾತನಿಗೂ ಗೊತ್ತಿತ್ತು. ಅವನು ತಾತನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ತಾನೇ ಏನೋ ತಪ್ಪು ಮಾಡಿದವನಂತೆ, “ಇರ್ಬೌದು ಬುದ್ಧಿ. ಕೋಣೆ ನೆಲ ಮಳೆಗಾಲ್ದಲ್ಲಿ ತ್ಯಾವ ಆಯ್ತದೆ,” ಎಂದ. ಸುಳ್ಳು ಹೇಳಿದವರ ಮಾನವನ್ನು ಅವನೇ ಮುಚ್ಚಿದ.

ಆಗ ಅವ್ವ ಬಾಗಿಲಿಗೆ ಬಂದಳು. ಗಂಡಸರ ಮುಂದೆ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. “ಮಾವಯ್ಯ, ನನ್ನ ಮಗೀಗೆ ಜ್ಞಾನಸ್ನಾನ ಕೊಟ್ಟ ಕೈ ಅದು,” ಎಂದಳು. “ಒಳಗೋಗವ್ವ,” ಎಂದರು ತಾತ. ಗದರಿಸಲಿಲ್ಲ, ಬೇಡಿಕೊಂಡಂತಿತ್ತು. ಅವ್ವ ಒಳಗೆ ಹೋಗಿ, ಹಿತುಕಿದ ಬೇಳೆಯ ಮೇಲೆ ತಟ್ಟೆ ಮುಚ್ಚಿ, ಕೈ ತೊಳೆದು, ನನ್ನ ಕೈ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ಕೆಳಬೀದಿಗೆ ನಡೆದಳು. ಅಲ್ಲಿಯ ಹೆಂಗಸರು ಅವ್ವನನ್ನು ಕಂಡು ಎದ್ದು ನಿಂತರು. ಕೂರುವುದಕ್ಕೆ ಏನು ಹಾಕಬೇಕೆಂದು ಅವರಿಗೆ ತೋಚಲಿಲ್ಲ. ಅವ್ವ ನೆಲದ ಮೇಲೆ ಕೂತು ಆರೋಗ್ಯಮ್ಮನ ಪಾದ ಮುಟ್ಟಿದಳು. ಆ ಪಾದ ಬಿರುಕುಬಿಟ್ಟು, ಸುಣ್ಣ ಉದುರಿದ ಗೋಡೆಯ ಹಾಗಿತ್ತು. ಅವ್ವ ಅಷ್ಟಾದರೂ ಮಾಡಿದಳಲ್ಲ, ಅದಕ್ಕೂ ಸರ್ವೇಶ್ವರನಿಗೆ ಸ್ತೋತ್ರ.

ಮರುದಿನ ಆರೋಗ್ಯಮ್ಮ ಬಿದಿರಿನ ಚಟ್ಟದ ಮೇಲೆ ಹೋದಳು. ತಾತ ಕರಿ ಕೋಟು ಹಾಕಿ ಪುಸ್ತಕ ಹಿಡಿದು ಬಂದರು. ಮಣ್ಣು ಮಾಡುವ ಹೊತ್ತಿಗೆ ಅವರು ಯಾವಾಗಲೂ ಎರಡು ಮಾತು ಸ್ವಂತವಾಗಿ ಹೇಳುವ ವಾಡಿಕೆ: ಇದು ದೇವರು ತನ್ನ ರೂಪದಲ್ಲಿ ಮಾಡಿದ ಮೈ, ಇದನ್ನು ಗೌರವದಿಂದ ಭೂಮಿಗೆ ಕೊಡೋಣ ಎಂದು. ಅಂದು ಜಪ ಮುಗಿಸಿ, ಬಾಯಿ ತೆರೆದು, ಹಾಗೇ ನಿಂತರು. ಎಲ್ಲರೂ ಕಾದರು. ತಾತ ಪುಸ್ತಕ ಮುಚ್ಚಿ, ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ನೋಡದೆ ಹೊರಟುಬಿಟ್ಟರು.

ಅದರ ಮುಂದಿನ ಭಾನುವಾರ ಉಪದೇಶ ನಡೆಯಿತು. ಎಲ್ಲ ಪ್ರಶ್ನೆಗಳೂ ಬಂದವು, ಅದೊಂದು ಬರಲಿಲ್ಲ. ಮರದ ಕೆಳಗಿನ ಮಕ್ಕಳು ಕೂಗಲು ಉಸಿರು ಕಟ್ಟಿ ಕೂತಿದ್ದರು. ಶಿಲುಬೆ ಗುರುತು ಹಾಕಿ ಎಲ್ಲರನ್ನೂ ಎಬ್ಬಿಸಿದ ಮೇಲೆ ನಾನು ಕೇಳಿದೆ: “ತಾತ, ಆ ಪ್ರಶ್ನೆ ಬಿಟ್ಬುಟ್ರಿ.” ತಾತ ನಶ್ಯದ ಡಬ್ಬಿಯನ್ನು ತಿರುಗಿಸುತ್ತ, “ಅದನ್ನ ಕೇಳೋ ಬಾಯಿ ನಂಗೆಲ್ಲಿ ಅದೆ ಕಣವ್ವ,” ಎಂದರು. ಮತ್ತೆಂದೂ ಅವರು ಅದನ್ನು ಕೇಳಲಿಲ್ಲ. ಕೋಣೆಯ ಬೀಗ ತೆಗೆದು ಕೆಳಬೀದಿಯವರಿಗೆ ಪೆಟ್ಟಿಗೆ ಕೊಡಲೂ ಇಲ್ಲ. ತಪ್ಪು ಗೊತ್ತಾಗುವುದಕ್ಕೂ ತಿದ್ದಿಕೊಳ್ಳುವುದಕ್ಕೂ ನಡುವೆ ಇಡೀ ಮೇಲುಬೀದಿ ನಿಂತಿತ್ತು. ನಾನು ತಾತನನ್ನು ಪ್ರೀತಿಸುವುದನ್ನು ಬಿಡಲಿಲ್ಲ. ಆದರೆ ಅವರ ಕೋಟಿಗೆ ಮುಖವೊತ್ತಿ ನಿಲ್ಲುವುದನ್ನು ಯಾವಾಗಲೋ ಬಿಟ್ಟಿದ್ದೆ.

ಆ ಜಗಲಿ ಈಗಿಲ್ಲ. ಹೊಂಗೆಮರ ಕಡಿದು ಬಹಳ ವರ್ಷವಾಯಿತು. ಗುಡಿ ಹೊಸದಾಗಿದೆ, ಎಲ್ಲರೂ ಸಿಕ್ಕಲ್ಲಿ ಕೂರುತ್ತಾರೆ, ಒಂದೇ ಸಾಲಿನಲ್ಲಿ ಸತ್ಪ್ರಸಾದಕ್ಕೆ ಹೋಗುತ್ತಾರೆ. ಅದನ್ನು ನೋಡುವಷ್ಟು ಆಯುಸ್ಸು ಕೊಟ್ಟನಲ್ಲ ಸರ್ವೇಶ್ವರ, ದೊಡ್ಡದು. ಆದರೂ ಆದಿಯಲ್ಲಿ ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ಮಾಡಿದ ಪಾಠ ಓದುವ ದಿನ ನನ್ನ ತಲೆ ತಾನಾಗಿ ಬಗ್ಗುತ್ತದೆ. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಯಾಕೆಂದು ನಿಮಗೆ ಗೊತ್ತು.

ತಾತ ಹೋದದ್ದು ಅದಾದ ಕೆಲವು ವರ್ಷಕ್ಕೆ, ಒಂದು ಬೇಸಿಗೆಯಲ್ಲಿ. ಅವರನ್ನು ಆ ಕರಿ ಪೆಟ್ಟಿಗೆಯಲ್ಲೇ ಮಲಗಿಸಿದರು. ಅದರ ತಳ ಗಟ್ಟಿಯಾಗಿತ್ತು. ಗುಂಡಿ ತೋಡಿದವನು ಚೌರಪ್ಪ. ಮೇಲುಬೀದಿಯವರ ಗುಂಡಿಯನ್ನೂ ಕೆಳಬೀದಿಯವರೇ ತೋಡುವುದು ವಾಡಿಕೆ. ದೇಹ ಇಳಿಸುವಾಗ ಮೇಲೆ ಚಾಪೆ ಹಿಡಿದಿದ್ದವರ ಹಿಡಿತ ಜಾರಿತು. ಗುಂಡಿಯೊಳಗೆ ನಿಂತಿದ್ದ ಚೌರಪ್ಪ ಎರಡೂ ತೋಳು ಚಾಚಿ ತಾತನನ್ನು ಎದೆಗಾನಿಸಿ ಹಿಡಿದುಕೊಂಡ. ಕೂಸನ್ನು ತೊಟ್ಟಿಲಿಗೆ ಹಾಕುವವರ ಹಾಗೆ ಮೊದಲು ತಲೆ, ಆಮೇಲೆ ಬೆನ್ನು, ಆಮೇಲೆ ಕಾಲು ಎಂದು ಮೆಲ್ಲಗೆ ಮಲಗಿಸಿದ. ಕೋಟಿನ ಕಾಲರು ಮಡಚಿಕೊಂಡಿದ್ದನ್ನು ಸರಿಮಾಡಿದ. ಅರುಳಪ್ಪನವರೂ ನೋಡುತ್ತಿದ್ದರು.

ಸಂಜೆ ಅವನು ಮೈಯೆಲ್ಲ ಮಣ್ಣು ಮಾಡಿಕೊಂಡು ನಮ್ಮ ಅಂಗಳಕ್ಕೆ ಬಂದು ಕುಡಿಯಲು ನೀರು ಕೇಳಿದ. ಅವ್ವ ಚೆಂಬಿನ ತುಂಬ ತಂದು, ಜಗಲಿ ಇಳಿದು, ಅವನ ಎದುರು ನಿಂತು, “ತಕ್ಕೋ ಚೌರಪ್ಪ, ಎತ್ತಿ ಕುಡಿ,” ಎಂದು ಚೆಂಬನ್ನೇ ಚಾಚಿದಳು. ಅವನು ಚೆಂಬನ್ನು ನೋಡಿದ, ಅವ್ವನನ್ನು ನೋಡಿದ. ಆಮೇಲೆ ಬಗ್ಗಿ, ಎಂದಿನಂತೆ ಬಾಯಿಯ ಹತ್ತಿರ ಬೊಗಸೆ ಹಿಡಿದ. “ಉಯ್ಯಿ ಅವ್ವೋರೆ. ಕೈಗೆ ಅಭ್ಯಾಸಿಲ್ಲ.” ಅವ್ವ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ, ಅವನು ಹಿಡಿದ ಬೊಗಸೆ ಬಿಡಲಿಲ್ಲ. ಕೊನೆಗೆ ಬಾಯಾರಿದವನನ್ನು ಕಾಯಿಸಬಾರದೆಂದು ಅವ್ವ ಚೆಂಬನ್ನು ಬಗ್ಗಿಸಿದಳು. ಅವನು ಕುಡಿಯುತ್ತಿರುವಾಗ ಮುಖ ನನ್ನ ಕಡೆ ತಿರುಗಿಸಿ, “ನೋಡ್ತಾ ನಿಂತ್ಕೋಬೇಡ ತೆರ್ಸಿ, ರಾತ್ರಿಗೆ ಅಕ್ಕಿ ತೊಳಿ ಹೋಗು,” ಎಂದಳು. ನಾನು ಒಳಗೆ ಹೋಗಿ ಪಾತ್ರೆಗೆ ಅಕ್ಕಿ ಸುರಿದು ತೊಳೆಯತೊಡಗಿದೆ.