ಸೀಸದ ಗೋಡೆಯೊಳಗಿನ ರಕ್ಷೆ

ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅಂಥವನಿಗೆ ದೇವರು ಕಾಯುವ ಕೆಲಸವನ್ನೇ ಕೊಟ್ಟ. ಸಂಡೂರಿನ ಗುಡ್ಡದಲ್ಲಿ, ಅದಿರು ಮುಗಿದ ಸುರಂಗದೊಳಗೆ ನಮ್ಮ ಪ್ರಯೋಗಶಾಲೆ. ಮುದಿ ನಕ್ಷತ್ರಗಳ ಒಡಲಲ್ಲಿ ಆಮ್ಲಜನಕಕ್ಕೆ ಜಲಜನಕ ಕೂಡಿದಾಗ ಹೊಮ್ಮುವ ಗಾಮಾ ಕಿರಣವನ್ನು ಇಲ್ಲಿ ಹುಟ್ಟಿಸಿ ಎಣಿಸಬೇಕು. ದಿನಕ್ಕೆ ನಾಲ್ಕೈದು ಬಂದರೆ ಪುಣ್ಯ. ಆಕಾಶದಿಂದ ಸುರಿಯುವ ಕಣಗಳನ್ನು ಗುಡ್ಡ ತಡೆಯುತ್ತದೆ, ಬಂಡೆಯಿಂದ ಬರುವುದನ್ನು ಯಂತ್ರದ ಸುತ್ತ ಕಟ್ಟಿದ ಸೀಸದ ಇಟ್ಟಿಗೆ. ಯಂತ್ರ ನಮ್ಮ ಪಾಲಿಗೆ ಉಳಿದಿದ್ದು ಒಂದೇ ವಾರ. ಅಷ್ಟರಲ್ಲಿ ಸಾಕಷ್ಟು ಎಣಿಕೆ ಸಿಗದಿದ್ದರೆ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸೋಮವಾರ ಹೊಸಪೇಟೆಯ ಮನೆಯಿಂದ ಹೊರಡುವಾಗ ಅಮ್ಮ ಹೋಮದ ರಕ್ಷೆಯ ಪೊಟ್ಟಣ ಕೊಟ್ಟಳು. "ಯಂತ್ರಕ್ಕೂ ಹಚ್ಚೋ. ಅದಕ್ಕೂ ದೃಷ್ಟಿ ತಾಕ್ತದ." ಹಚ್ಚಲು ನಾಚಿಕೆ, ಬಿಸಾಡಲು ಭಯ. ಯಾರೂ ಇಲ್ಲದಾಗ ಇಟ್ಟಿಗೆಯ ಒಳಸಂದಿಗೆ ತೂರಿಸಿ ಮರೆತೆ.

ಮರುದಿನ ಪರದೆಯಲ್ಲಿ, ನಮಗೆ ಬೇಕಾದ ಜಾಗದಲ್ಲೇ, ಎಣಿಕೆ ಗುಡ್ಡವಾಗಿತ್ತು. ಅಯ್ಯೋ, ಕುಣಿದುಬಿಟ್ಟೆ! ಊರಿಗೆಲ್ಲ ಫೋನು ಮಾಡಿದೆ. ಬುಧವಾರ ಖಾತ್ರಿಗೆಂದು, ಆ ಕಿರಣ ಹುಟ್ಟಿಸಲು ಯಂತ್ರ ಹಾಯಿಸುವ ಜಲಜನಕದ ಕಣಗಳ ಧಾರೆ ನಿಲ್ಲಿಸಿದೆ. ಎಣಿಕೆ ನಿಲ್ಲಲಿಲ್ಲ. ಅದು ನಕ್ಷತ್ರದ ಕಿರಣವಲ್ಲ; ಪರದೆಯಲ್ಲಿ ಅದರ ಪಕ್ಕದಲ್ಲೇ ಬೀಳುವ, ಪೊಟ್ಯಾಸಿಯಂ ತಾನಾಗಿ ಸೂಸುವ ಕಿರಣ.

ಇಟ್ಟಿಗೆ ಜೋಡಿಸುತ್ತಿದ್ದವರು ಗಣಿಯಲ್ಲೇ ತಲೆ ನರೆತ ಹಿರಿಯರು. ಬುತ್ತಿಯಲ್ಲಿ ದಿನಾ ಬಾಳೆಹಣ್ಣು, ಅದರ ತುಂಬ ಪೊಟ್ಯಾಸಿಯಂ. "ಒಳಗ ಬಾಳೆಹಣ್ಣು ತಿಂದೀರಿ, ನನ್ನ ಕೆಲಸಾ ಮಣ್ಣು ಮಾಡಿದ್ರಿ!" ಎಂದು ಎಲ್ಲರ ಎದುರು ಕೂಗಾಡಿದೆ.

"ದೇವರಾಣಿ ಇಲ್ರಿ ಸರ. ಬಾಗಲಾಚೇನ ಉಣ್ತೀನ್ರಿ," ಎಂದರು. ನಾನು ಕೇಳಲಿಲ್ಲ, ಅವರನ್ನು ಸುರಂಗದಿಂದ ಹೊರಗೆ ಕಳಿಸಿದೆ.

ಎರಡು ದಿನ ನೆಲ ಒರೆಸಿದೆ, ವೈರು ಬದಲಿಸಿದೆ, ಪರದೆಗೆ ಬೈದೆ. ಶುಕ್ರವಾರ ಒಂದೊಂದೇ ಇಟ್ಟಿಗೆ ಕೀಳುವಾಗ ಪೊಟ್ಟಣ ಕಾಲ ಮೇಲೆ ಬಿತ್ತು. ರಕ್ಷೆಯೆಂದರೆ ಹೋಮದ ಕಟ್ಟಿಗೆಯ ಬೂದಿ; ಅಂಥ ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆಂದು ಮಕ್ಕಳಿಗೆ ಪಾಠ ಹೇಳುವವನು ನಾನೇ.

ಹಿರಿಯರು ಸುರಂಗದ ಬಾಯಲ್ಲಿ ಕೂತಿದ್ದರು. ಪೊಟ್ಟಣ ತೋರಿಸಿ, "ತಪ್ಪು ನಂದ್ರೀ ಯಜಮಾನ್ರ, ಅಮ್ಮ ಕೊಟ್ಟ ರಕ್ಷಾ ನಾನ ಒಳಗಿಟ್ಟಿದ್ದೆ," ಎಂದೆ. ಅವರು ಅದನ್ನು ಬಿಚ್ಚಿ ನೋಡಿ, ಹಣೆಗೆ ಒಂದಿಷ್ಟು ಹಚ್ಚಿಕೊಂಡರು. "ಅಮ್ಮಾರಿಗೆ ಹೇಳಬ್ಯಾಡ್ರಿ ಸರ, ನೊಂದ್ಕೋತಾರ," ಎಂದು ಹೊರಗೇ ಹಣೆ ಒರೆಸಿಕೊಂಡು, ಕೈ ತೊಳೆದು, ಇಟ್ಟಿಗೆ ಕಟ್ಟಲು ಒಳಗೆ ನಡೆದರು.

ಉಳಿದ ಎರಡು ದಿನದಲ್ಲಿ ಸಿಕ್ಕಿದ್ದು ಒಂಬತ್ತು ಎಣಿಕೆ. ಸಾಲಲಿಲ್ಲ. ಯಂತ್ರ ಬೇರೆಯವರ ಪಾಲಾಯಿತು.

ಭಾನುವಾರ ಅಮ್ಮನ ಫೋನು: "ರಕ್ಷಾ ಹಚ್ಚಿದ್ಯೇನೋ? ಏನರ ಉಪಯೋಗಾತೇನು?"

ಹಿರಿಯರು ಪಕ್ಕದಲ್ಲೇ ನಿಂತು ನನ್ನ ಬಾಯಿ ನೋಡುತ್ತಿದ್ದರು.

"ಭಾಳ ಶಕ್ತಿ ಅದ ಅಮ್ಮಾ ಅದಕ್ಕ," ಎಂದೆ.