ಮೂರು ಮನಿ ಮದ್ದು, ಒಂದು ತಲಿ

ಪರದೇಶದಾಗ, ಮಗನ ಊರು ಬ್ರ್ಯಾಂಪ್ಟನ್ ಬಸ್ಸಿನ್ಯಾಗ ತಲಿ ಗಿರ್ರಂತ ತಿರುಗಿ ನಾ ಒಬ್ಬ ಸರದಾರಜೀ ತೊಡಿ ಮ್ಯಾಲ ಕುಂತುಬಿಟ್ಟೆ. "ಇನ್ನ ಒಬ್ರೇ ಎಲ್ಲೂ ಹೋಗಬ್ಯಾಡ್ರಿ, ಅತ್ತಿ," ಅಂದ್ಲು ಸೊಸಿ. ಮನ್ಯಾಗ ಕುಂತ್ರ ಮಂದಿ ಸುದ್ದಿ ನನಗ ಹೆಂಗ ಸಿಗಬೇಕು?

ಭಜನಿ ಗುಂಪಿನ ಮೂವರು ಹೆಣ್ಣಮಕ್ಕಳು ಒಂದೊಂದು ಕೊಟ್ಟ ಶುಂಠಿ ಕಷಾಯ, ಕೊತ್ತಂಬರಿ ನೀರು, ಹಸಿ ಬಳ್ಳೊಳ್ಳಿ ಎಲ್ಲಾ ನುಂಗಿದೆ. ಏನೂ ಗುಣಾ ಆಗಲಿಲ್ಲ. ಕಡೀಕ ನನಗ ಗುಳಗಿ ಕೊಡೂ ಔಷಧದಂಗಡಿ ಗುಜರಾತಿ ಹುಡುಗಿ ಹಿಂದಿಯೊಳಗ ಕೇಳಿದ್ಲು, "ಆಂಟಿ, ಬಿಪಿ ಗುಳಗಿ ತಗೊಂಡು ಊಟ ಮಾಡ್ತೀರೋ ಇಲ್ಲೋ?"

"ವಾರಕ್ಕ ಮೂರು ಉಪವಾಸ ಅದಾವಲ್ಲ. ಆ ದಿನ ಬರೇ ಗುಳಗಿ, ಶುಂಠಿ ಕಷಾಯ."

"ಅಯ್ಯೋ! ಶುಂಠಿ ಕುಡೀರಿ, ಆದ್ರ ಮೊದಲ ಉಣ್ರಿ. ಡಾಕ್ಟರಿಗೂ ಇದನ್ನೆಲ್ಲಾ ಹೇಳ್ರಿ."

ಡಾಕ್ಟರು ಗುಳಗಿ ಕಡಿಮಿ ಮಾಡಿದ್ರು, ನಾ ಉಪವಾಸ ಬಿಟ್ಟೆ, ತಲಿ ತಿರುಗೂದು ನಿಂತಿತು. ಈಗ ಒಬ್ಬಾಕೀನ ಬಸ್ ಹತ್ತತೀನಿ. ಯಾರ ಮದ್ದಿಗೆ ಗುಣಾ ಆತಂತ ಭಜನ್ಯಾಗ ಜಗಳ ಹತ್ತೇತಿ. ನಾ ಒಬ್ಬೊಬ್ಬಾಕೀನ ಬಾಜೂಕ ಕರದು, "ನಿನ್ನ ಮದ್ದಿನಿಂದನ ಆತವ್ವಾ, ಯಾರ ಮುಂದೂ ಹೇಳಬ್ಯಾಡ," ಅಂದೀನಿ.