ಕಡೆಯ ಪದ ಬಿಟ್ಟು ಹಾಡುವವಳು

ಗೋಡೆಯಾಚೆ ಹೊಲಿಗೆ ಮಷಿನ್‌ಗಳ ಗರಗರ ಶುರುವಾದರೆ ಕೂಸುಗಳು ಮಲಗುತ್ತವೆ, ನಿಂತರೆ ಏಳುತ್ತವೆ. ಬಟ್ಟೆ ಕಾರ್ಖಾನೆಯ ಮಕ್ಕಳ ಕೋಣೆಯಲ್ಲಿ ಅದೇ ಜೋಗುಳ. ಆ ಬೆಳಿಗ್ಗೆಯೂ ಗರಗರ ಎದ್ದಿತು, ತೊಟ್ಟಿಲುಗಳಲ್ಲಿ ಕಣ್ಣುಗಳು ಮುಚ್ಚಿದವು. ಆ ಮಕ್ಕಳನ್ನು ನೋಡಿಕೊಳ್ಳುವ ಹಾಡಕ್ಕ ಗಂಟಲ ಮೇಲೆ ಕೈಯಿಟ್ಟು, ಒಳಗೆ ದನಿ ಎಷ್ಟು ಉಳಿದಿದೆ ಎಂದು ನೋಡುವವಳಂತೆ ಒಮ್ಮೆ ಕೆಮ್ಮಿದಳು.

ಮರುದಿನ ಅವಳಿಗೆ ಆಪರೇಷನ್. ಗಂಟಲಲ್ಲಿ ಬೆಳೆದ ಗಂಟನ್ನು ತೆಗೆಯಬೇಕು, ಅದರ ಜೊತೆ ದನಿಯೂ ಹೋಗುತ್ತದೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಲ್ಲಿಯವರೆಗೆ ಗಂಟಲಿಗೆ ಕೆಲಸ ಕೊಡಬೇಡ ಎಂದೂ ಎಚ್ಚರಿಸಿದ್ದರು. ಕಾರ್ಖಾನೆಯಲ್ಲಿ ಇದು ಗೊತ್ತಿದ್ದದ್ದು ಒಬ್ಬಳಿಗೇ, ಅವಳ ಜೊತೆ ಕೋಣೆಯಲ್ಲಿ ಕೂಸುಗಳನ್ನು ತೂಗುವ ತೊಟ್ಟಿಲಜ್ಜಿಗೆ.

"ಇವತ್ತಾದ್ರೂ ಬಾಯಿಗೆ ಬೀಗ ಹಾಕ್ಕೊಳ್ಳೆ," ಎಂದಳು ಅಜ್ಜಿ. "ನಿನ್ ದನಿ ಹೋದ್ರೆ ನಿನ್ ಗಂಡ ಬೀದಿಗೆಲ್ಲ ಸಿಹಿ ಹಂಚ್ತಾನೆ, ನೋಡ್ತಿರು."

"ಅವನಿಗ್ಯಾಕಜ್ಜಿ ಅಷ್ಟು ಸುಖ? ತಟ್ಟೆ ಬಡಿದು ಬೈತೀನಿ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅಜ್ಜಿ ಅಂಗೈಯಿಂದ ಕಣ್ಣೊರೆಸಿಕೊಂಡು, ಖಾಲಿ ತೊಟ್ಟಿಲೊಂದನ್ನು ಸುಮ್ಮನೆ ತೂಗತೊಡಗಿದಳು.

ಹಾಡಕ್ಕ ಮೊದಲು ಗೋಡೆಯಾಚೆ ಕಾಲರ್ ಹೊಲಿಯುತ್ತಿದ್ದವಳು. ಸೂಜಿ ತೋರುಬೆರಳನ್ನು ತೂರಿಹೋದ ಮೇಲೆ ಬೆರಳು ಸೊಟ್ಟಗೆ ನಿಂತಿತು, ಅವಳನ್ನು ಮಕ್ಕಳ ಕೋಣೆಗೆ ಹಾಕಿದರು. ಅಳುವ ಮಗುವಿನ ತೋಳ ಮೇಲೆ ಆ ಸೊಟ್ಟ ಬೆರಳನ್ನು ಇರುವೆಯಂತೆ ನಡೆಸುತ್ತ, ತಾನೇ ಕಟ್ಟಿದ ಹಾಡು ಹೇಳುತ್ತಿದ್ದಳು:

ಪುಟ್ಟ ಇರುವೆ, ಎಲ್ಲಿಗೆ ಹೋದೆ?
ಬೆಟ್ಟ ಹತ್ತಿ ಜಾರಿ ಬಿದ್ದೆ.
ಬಿದ್ದ ಮೇಲೆ ಏನು ಮಾಡಿದೆ?
ಮಣ್ಣು ಕೊಡವಿ ಮತ್ತೆ ಎದ್ದೆ!

ಬೆರಳು ಭುಜ ಹತ್ತುತ್ತಿತ್ತು, ಮಡಿಲಿಗೆ ಬೀಳುತ್ತಿತ್ತು. ಆದರೆ ಕಡೆಯ ಪದವನ್ನು ಅವಳು ಎಂದೂ ಹೇಳುತ್ತಿರಲಿಲ್ಲ. 'ಮತ್ತೆ...' ಎಂದು ನಿಲ್ಲಿಸಿ, ಕಿವಿಗೆ ಕೈಯಿಟ್ಟು, ಹುಬ್ಬೇರಿಸಿ ಕಾಯುತ್ತಿದ್ದಳು. ಆ ಖಾಲಿ ಜಾಗವನ್ನು ಮಕ್ಕಳು ತಡೆದುಕೊಳ್ಳುತ್ತಿರಲಿಲ್ಲ. 'ಎದ್ದೆ' ಎಂದು ಕೂಗಿ ದಡಕ್ಕನೆ ನಿಲ್ಲುತ್ತಿದ್ದವು. ಅಲ್ಲಿ ಬೆಳೆದ ಎಷ್ಟೋ ಮಕ್ಕಳ ಮೊದಲ ಮಾತು ಅದೇ.

ಗುಮ್ಮಿ ಮಾತ್ರ ಹೇಳಲಿಲ್ಲ. ಮೂರು ತುಂಬುತ್ತ ಬಂದರೂ ಬಾಯಿ ಬಿಡದ ಆ ಹುಡುಗಿಗೆ ಅಜ್ಜಿ ಇಟ್ಟ ಹೆಸರು ಅದು. ಕಿವಿ ಚುರುಕಾಗಿಯೇ ಇತ್ತು. ಹಾಡಕ್ಕನ ಬೆರಳನ್ನೂ ತುಟಿಯನ್ನೂ ನುಂಗುವಂತೆ ನೋಡುತ್ತಿದ್ದಳು, ಅಷ್ಟೇ. ಅಂಗಿಗೆ ಗುಂಡಿ ಹಚ್ಚುವ ಅವಳ ತಾಯಿ ಊಟದ ಬಿಡುವಿನಲ್ಲಿ ಓಡಿಬಂದು ಕೇಳುತ್ತಿದ್ದದ್ದು ಒಂದೇ: "ಇವತ್ತೇನಾದ್ರೂ ಅಂದ್ಲಾ ಅಕ್ಕ?" ಮನೆಯಲ್ಲಿ ಅತ್ತೆ ಆಗಲೇ 'ಮೂಗಿ' ಎಂದು ಕರೆಯತೊಡಗಿದ್ದಳು. "ಇವಳ ಬಾಯಿ ಬಿಡಿಸೋದು ನನ್ ಹೊಣೆ, ನೀನು ಅಳಬೇಡ," ಎಂದು ಹಾಡಕ್ಕ ಮಾತು ಕೊಟ್ಟಿದ್ದಳು. ಆ ಮಾತು ಉಳಿಸಿಕೊಳ್ಳಲು ಇನ್ನಿದ್ದದ್ದು ಇದೊಂದೇ ದಿನ.

ಡಾಕ್ಟರ ಮಾತು ಮೀರಿ ಬೆಳಿಗ್ಗೆಯೆಲ್ಲ ಗುಮ್ಮಿಯ ಮುಂದೆ ಕೂತು ಹಾಡಿದಳು. ದನಿ ಮೊದಲು ಬಿರುಕು ಬಿಟ್ಟಿತು, ಆಮೇಲೆ ತರಗೆಲೆಯಂತಾಯಿತು. ಪ್ರತಿ ಸಲವೂ ಕಿವಿಗೆ ಕೈಯಿಟ್ಟು ಕಾದಳು. ಗುಮ್ಮಿ ರೆಪ್ಪೆ ಮಿಟುಕಿಸದೆ ನೋಡಿದಳು.

"ಸಾಕು ಬಿಡೇ!" ಅಜ್ಜಿ ಗದರಿದಳು. "ಮರಳು ಹಿಂಡಿದ್ರೆ ಎಣ್ಣೆ ಬರುತ್ತಾ?"

ಗರಗರ ನಿಂತಿತು. ಕೂಸುಗಳು ಬೆಚ್ಚಿ ಎದ್ದು ಅತ್ತವು, ತಾಯಂದಿರು ನುಗ್ಗಿದರು. ಗುಮ್ಮಿಯ ತಾಯಿಯ ಮುಖ ಕಂಡದ್ದೇ ಹಾಡಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಹೋಗ್ಲಿ ಬಿಡಕ್ಕ," ಎಂದಳು ತಾಯಿ, ಎಲ್ಲೋ ನೋಡುತ್ತ. "ಅವಳ ಹಣೇಲಿ ಬರೆದಿಲ್ಲ ಅಂತ ಕಾಣುತ್ತೆ."

ಆಗ ಮೂಲೆಯಿಂದ ಗುನುಗು ಕೇಳಿಸಿತು. ಗುಮ್ಮಿ ಚಿಂದಿ ಬೊಂಬೆಯ ತೋಳ ಮೇಲೆ ತೋರುಬೆರಳು ನಡೆಸುತ್ತಿದ್ದಳು. ಬೆರಳನ್ನು ಬೇಕೆಂದೇ ಸೊಟ್ಟ ಮಾಡಿಕೊಂಡಿದ್ದಳು. ಪದಗಳಿಲ್ಲ, ರಾಗ ಮಾತ್ರ. ಇರುವೆ ಬೆಟ್ಟ ಹತ್ತಿತು, ಬಿತ್ತು. ಆಮೇಲೆ ಸ್ಪಷ್ಟವಾಗಿ, "ಮತ್ತೆ..." ಎಂದಳು. ನಿಲ್ಲಿಸಿದಳು. ಕಿವಿಗೆ ಕೈಯಿಟ್ಟು, ಹುಬ್ಬೇರಿಸಿ, ಹಾಡಕ್ಕನ ಕಡೆ ತಿರುಗಿದಳು.

ಇಷ್ಟು ದಿನ ಅವಳು ಕಲಿತದ್ದು ಉತ್ತರ ಕೊಡುವುದನ್ನಲ್ಲ, ಹಾಡಕ್ಕನಂತೆ ಕಡೆಯ ಪದ ಬಿಟ್ಟು ಕಾಯುವುದನ್ನು.

"ಅಯ್ಯೋ, ಮಾತಾಡಿದ್ಲು! ಕೇಳಿಸ್ತಾ ಅಕ್ಕ?" ತಾಯಿ ಮಗಳ ಪಕ್ಕ ಓಡಿಬಂದು ಕೂತಳು. "ಹೇಳಕ್ಕ, ನೀನು ಹೇಳು. ಮಗು ಕಾಯ್ತಿದೆ!"

ಹಾಡಕ್ಕ ಬಾಯಿ ತೆರೆದಳು. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದಳು. ಗುಮ್ಮಿಯ ಕೈ ಕಿವಿಯ ಬಳಿಯೇ ಇತ್ತು, ಏರಿದ್ದ ಹುಬ್ಬು ಮಾತ್ರ ಮೆಲ್ಲಗೆ ಇಳಿಯಿತು.

ಹಾಡಕ್ಕ ನೆಲಕ್ಕೆ ಕೈಯೂರಿ, ಬಟ್ಟೆಯ ಧೂಳು ಕೊಡವಿ, ಎದ್ದಳು. ಮಗುವಿಗೆ ಕಾಣುವ ಹಾಗೆ ನೆಟ್ಟಗೆ ನಿಂತಳು.

"ನಾಳೆ ಬೇಗ ಬಾ ಅಕ್ಕ," ತಾಯಿ ಮಗಳನ್ನು ಅವುಚಿಕೊಂಡು ಒಂದೇ ಉಸಿರಿಗೆ ಹೇಳುತ್ತಿದ್ದಳು. "ಪೂರ್ತಿ ಹಾಡು ಹೇಳಿಸು. ನಿನ್ ದನಿ ಅಂದ್ರೆ ಇವಳಿಗೆ ಪ್ರಾಣ, ಇನ್ಯಾರು ಹೇಳಿದ್ರೂ... ಅಕ್ಕಾ, ಎಲ್ಲಿಗೆ ಹೊರಟೆ? ನಾಳೆ ಬರ್ತೀಯಲ್ಲ? ನಿನ್ನೇ ಕೇಳ್ತಿರೋದು..."

ಅಜ್ಜಿಯ ಕೈಯ ತೊಟ್ಟಿಲು ನಿಂತಿತು. ಹಾಡಕ್ಕ ಬಾಗಿಲ ಬಳಿ ಚಪ್ಪಲಿ ಮೆಟ್ಟಿ, ಸದ್ದಿಲ್ಲದ ಮಷಿನ್‌ಗಳ ಸಾಲಿನ ನಡುವೆ ಹಿಂದೆ ನೋಡದೆ ನಡೆದಳು.